ಮುನ್ನೂರು ಪ್ರತಿ, ಒಂದು ಹಲ್ಲಿನ ಸೆಟ್

ಕಳೆದ ದೀಪಾವಳಿಗೆ ಎಂಟು ದಿನ ಮುಂಚಿನ ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಕುರ್ಲಾ ಸ್ಟೇಷನ್ನಿಗೆ ಸಮೀಪದ ರದ್ದಿ ಅಂಗಡಿಯೊಂದರಲ್ಲಿ ನನ್ನ ಏಕೈಕ ಪುಸ್ತಕದ ಒಂದು ಪ್ರತಿ ಪತ್ತೆಯಾಯಿತು. ಪ್ರತಿಯ ಸ್ಥಿತಿ ಉತ್ತಮವಾಗಿತ್ತು. ಮೊದಲ ಹಾಳೆ ಇರಲಿಲ್ಲ. ಮೂವತ್ತನಾಲ್ಕು ಮತ್ತು ಮೂವತ್ತೈದನೆಯ ಪುಟಗಳು ಮೇಲಂಚಿನಲ್ಲಿ ಕತ್ತರಿ ತಾಗದೆ ಕೂಡಿಕೊಂಡೇ ಇದ್ದುದರಿಂದ, ಓದುಗರು ಯಾರೂ ಅಲ್ಲಿಯವರೆಗೆ ತಲುಪಿಲ್ಲ ಎಂಬುದು ದೃಢಪಟ್ಟಿತು.

ಮೂವತ್ತು ವರ್ಷ ಮುಂಬಯಿಯ ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತವಳಿಗೆ ಯಾವುದನ್ನೂ ಹೀಗೆ ಹೇಳುವುದೇ ಅಭ್ಯಾಸ. ಏನಾಯಿತು, ಎಲ್ಲಿ, ಯಾವಾಗ ಎಂಬುದು ಮೇಲೆ. ಯಾಕೆ ಎಂಬುದು ಕೊನೆಗೆ. ಜಾಗ ಸಾಲದಿದ್ದರೆ ಆ ಕೊನೆಯದನ್ನೇ ಕತ್ತರಿಸಬಹುದು. ಹೀಗೆ ಕತ್ತರಿಸಿ ಕತ್ತರಿಸಿ ನನ್ನ ಬದುಕಿನಲ್ಲೂ ಹಲವು ಯಾಕೆಗಳು ಅಚ್ಚಾಗದೆ ಉಳಿದಿವೆ. ಅವುಗಳಲ್ಲಿ ಒಂದನ್ನು ಇಲ್ಲಿ ಹೇಳುತ್ತೇನೆ.

ಪ್ರತಿಯನ್ನು ಪತ್ತೆ ಹಚ್ಚಿದವರು ಸುಂದರಣ್ಣ. ಬಾಂದ್ರಾ ಸ್ಟೇಷನ್ನಿನ ಎದುರಿನ, ನಾನು ವರ್ಷಗಳಿಂದ ಚಾ ಕುಡಿಯುವ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವರು. ಪ್ಲೇಟು ತೊಳೆಯುವಲ್ಲಿಂದ ಶುರುಮಾಡಿ ಗಲ್ಲೆಯವರೆಗೆ ಬರಲು ಅವರಿಗೆ ನಲವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಮೇಲಿನ ಸಾಲಿನ ಹಲ್ಲುಗಳೆಲ್ಲ ಹೋದವು. ಜೀವನವಿಡೀ ಮಂದಿಗೆ ಗರಿಗರಿ ದೋಸೆ ಕಳಿಸಿದವರು ಈಗ ಅದರ ಸದ್ದು ಕೇಳಿ ತೃಪ್ತಿಪಡುತ್ತಾರೆ. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ, ಅದು ತಾನಾಗಿ ಶರಣಾಗುವವರೆಗೆ ಕಾಯುತ್ತಾರೆ.

ಆ ಭಾನುವಾರ ಅವರು ಕುರ್ಲಾದ ನಮ್ಮ ಬಿಲ್ಡಿಂಗಿನ ಎರಡು ಮಾಳಿಗೆ ಹತ್ತಿ ಬಂದು, ಪೇಪರಿನಲ್ಲಿ ಸುತ್ತಿದ ಪುಸ್ತಕವನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು.

“ಮೇಡಂ, ಒಂದು ಸೈನ್ ಬೇಕಿತ್ತು.”

ಬಿಚ್ಚಿ ನೋಡಿದೆ. ನನ್ನದೇ ಮುಖ, ಹಿಂದಿನ ರಟ್ಟಿನ ಮೇಲೆ, ಇಪ್ಪತ್ತು ವರ್ಷ ಚಿಕ್ಕದು.

“ಎಲ್ಲಿ ಸಿಕ್ಕಿತು?”

“ದಸ್ತಗೀರನ ಅಂಗಡಿಯಲ್ಲಿ. ಎಂತ ಮಾರಾಯ್ರೆ, ನೀವು ಪುಸ್ತಕ ಬರೆದದ್ದು ಹೇಳಲೇ ಇಲ್ಲ! ಮೊದಲ ಪೇಜು ಇಲ್ಲ, ಪರವಾಗಿಲ್ಲ. ಎರಡನೇ ಪೇಜಿನಲ್ಲಿ ಸೈನ್ ಹಾಕಿ.”

ರದ್ದಿಯಿಂದ ಬಂದ ಪುಸ್ತಕಕ್ಕೆ ಹಸ್ತಾಕ್ಷರ ಹಾಕುವ ಗೌರವ ಎಲ್ಲ ಲೇಖಕರಿಗೂ ಸಿಗುವಂಥದಲ್ಲ. ಹಾಕಿದೆ. ಅವರು ಕೂತರು. ಅಂಗಿಯ ಕಿಸೆಯಿಂದ ಎರಡು ಕಾಗದ ತೆಗೆದು ಟೀಪಾಯಿಯ ಮೇಲೆ ಅಕ್ಕಪಕ್ಕ ಇಟ್ಟರು. ಒಂದು, ಕುರ್ಲಾದ ದಂತವೈದ್ಯರು ಬರೆದುಕೊಟ್ಟ ಚೀಟಿ, ಮೇಲಿನ ಸಾಲಿನ ಪೂರ್ಣ ಸೆಟ್ಟಿಗೆ. ಇನ್ನೊಂದು, ಕರ್ನಾಟಕದ ಒಂದು ಊರಿನ ಪ್ರಕಾಶಕರ ಪತ್ರ. ಸುಂದರಣ್ಣ ಬರೆದ ಹೋಟೆಲ್ ನೆನಪುಗಳು ‘ಮನಮುಟ್ಟುವಂತಿವೆ’ ಎಂದೂ, ಮುನ್ನೂರು ಪ್ರತಿಗಳನ್ನು ಲೇಖಕರು ಮುಂಗಡವಾಗಿ ಕೊಂಡರೆ ಪ್ರಕಟಿಸಲು ತಮ್ಮ ಸಂಸ್ಥೆ ಹೆಮ್ಮೆಪಡುವುದೆಂದೂ ಅದರಲ್ಲಿತ್ತು. ಎರಡೂ ಕಾಗದಗಳ ಕೆಳಗಿನ ಮೊತ್ತ ಹೆಚ್ಚುಕಡಿಮೆ ಒಂದೇ. ವೈದ್ಯರೂ ಪ್ರಕಾಶಕರೂ ಫೋನಿನಲ್ಲಿ ಮಾತಾಡಿಕೊಂಡಂತಿತ್ತು.

“ಒಂದೇ ಆಗ್ತದೆ ಮೇಡಂ,” ಎಂದರು ಸುಂದರಣ್ಣ. “ಹಲ್ಲು ಅಥವಾ ಪುಸ್ತಕ. ಎರಡಕ್ಕೂ ನನ್ನ ಹತ್ತಿರ ಇಲ್ಲ.”

ಆಮೇಲೆ ಮೂರನೆಯ ಕಾಗದ ತೆಗೆದರು. ಅದು ನಮ್ಮದೇ ಪತ್ರಿಕೆಯ ಹಳದಿಯಾದ ತುಣುಕು. ಮಡಿಕೆಗಳಲ್ಲಿ ಸೆಲೋಟೇಪ್ ಹಚ್ಚಿದ್ದರು. ಲೇಖಕನು ಪ್ರಕಾಶಕನಿಗೆ ಹಣ ಕೊಡಬಾರದು ಎಂದು ನಾನು ಬಹಳ ಹಿಂದೆ ಬರೆದ ಲೇಖನ. ಚುರುಕಾಗಿಯೇ ಇತ್ತು. ‘ಅಡುಗೆಯವನು ಗಿರಾಕಿಗೆ ದುಡ್ಡು ಕೊಟ್ಟು ಉಣ್ಣಿಸುವ ಹೋಟೆಲನ್ನು ಯಾರಾದರೂ ಕಂಡಿದ್ದೀರಾ?’ ಎಂದು ಅದರಲ್ಲಿ ನಾನು ಕೇಳಿದ್ದೆ.

“ಇದು ಓದಿಯೇ ನಿಮ್ಮಲ್ಲಿಗೆ ಬಂದದ್ದು. ನೀವು ಕೊಡದೆ ಮಾಡಿಸಿದಿರಿ ಅಲ್ವಾ?”

ಇಲ್ಲಿ ಒಂದು ವಿಷಯ ಹೇಳಬೇಕು. ಮುಂಬಯಿಯ ನಮ್ಮ ಬರಹಗಾರರ ನಡುವೆ ಒಂದು ಒಪ್ಪಂದವಿದೆ. ಎಲ್ಲೂ ಬರೆದಿಟ್ಟಿಲ್ಲ, ಆದರೆ ಯಾರೂ ಮುರಿದಿಲ್ಲ. ಕೊಟ್ಟೆ ಎಂದು ಯಾರೂ ಹೇಳುವಂತಿಲ್ಲ. ಕೊಟ್ಟಿರಾ ಎಂದು ಯಾರೂ ಕೇಳುವಂತಿಲ್ಲ. ಸುಂದರಣ್ಣ ಸಾಹಿತ್ಯದ ಸಭೆಗಳಿಗೆ ಹೋದವರಲ್ಲ. ಆ ಹೊತ್ತಿನಲ್ಲಿ ಹೋಟೆಲಿನಲ್ಲಿ ರಶ್ ಇರುತ್ತದೆ. ಹಾಗಾಗಿ ಅವರಿಗೆ ಒಪ್ಪಂದ ಗೊತ್ತಿರಲಿಲ್ಲ. ಕೇಳಿಬಿಟ್ಟರು.

“ಇಲ್ಲಪ್ಪ, ನಾನು ಕೊಡಲಿಲ್ಲ,” ಎಂದೆ.

ಒಳಗಿನ ಕೋಣೆಯಲ್ಲಿದ್ದ ನನ್ನ ಗಂಡ ಟಿವಿಯ ಸದ್ದು ಏರಿಸಿದರು.

ಸುಂದರಣ್ಣ ಮೂರೂ ಕಾಗದಗಳನ್ನು ಮಡಚಿ ಕಿಸೆಗಿಟ್ಟು, “ಬಸ್, ಅಷ್ಟು ಗೊತ್ತಾದರೆ ಸಾಕು” ಎಂದು ಹೊರಟರು. ಚಾ ಕುಡಿಯಿರಿ ಎಂದರೆ, ಗಲ್ಲೆ ಬಿಟ್ಟು ಬಂದಿದ್ದೇನೆ ಎಂದರು.

ಅವರು ಕೂತಿದ್ದ ದಿವಾನದ ಕೆಳಗೆ ನಾಲ್ಕು ಪೆಟ್ಟಿಗೆಗಳಿವೆ. ನಾನು ಕೊಟ್ಟ ಹಣಕ್ಕೆ ಪ್ರಕಾಶಕರು ಕಳಿಸಿದ ಪ್ರತಿಗಳು ಅವು. ‘ಗೌರವಧನದ ಬದಲಿಗೆ ಪ್ರತಿಗಳು’ ಎಂದು ಮನೆಯಲ್ಲಿ ಹೇಳಿದ್ದೆ. ಇಪ್ಪತ್ತು ವರ್ಷಗಳಲ್ಲಿ ಅವು ನಮ್ಮ ಸಂಸಾರಕ್ಕೆ ಸಲ್ಲಿಸಿದ ಸೇವೆ ಸಣ್ಣದಲ್ಲ. ದಿವಾನದ ಒಂದು ಕಾಲು ಮುರಿದಾಗ ಅದರ ಸ್ಥಾನವನ್ನು ಒಂದು ಪೆಟ್ಟಿಗೆ ತುಂಬಿತು. ಗೋಡೆಯ ಮೇಲಿನ ಮಾಳದಿಂದ, ಅಂದರೆ ಅಟ್ಟದಿಂದ, ಸಾಮಾನು ಇಳಿಸುವಾಗ ಇನ್ನೊಂದರ ಮೇಲೆ ಹತ್ತಿ ನಿಲ್ಲುತ್ತೇವೆ. ಮೊದಲು ನಾವು ನೆಲಮಹಡಿಯಲ್ಲಿದ್ದೆವು. ಒಂದು ಮಳೆಗಾಲ ನೀರು ಒಳನುಗ್ಗಿದಾಗ ಎರಡು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಅಕ್ಕಿಯ ಡಬ್ಬ ಇಟ್ಟೆವು. ಅಕ್ಕಿ ಉಳಿಯಿತು. ಸಾಹಿತ್ಯದಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವವರಿಗೆ ನಾನು ಈ ಉದಾಹರಣೆ ಕೊಡಬಹುದು. ಕೊಟ್ಟಿಲ್ಲ, ಯಾಕೆಂದರೆ ಪೆಟ್ಟಿಗೆಯ ಕಥೆ ಹೇಳಬೇಕಾಗುತ್ತದೆ. ಸುಂದರಣ್ಣ ಸೆಲೋಟೇಪ್ ಹಚ್ಚಿ ಕಾಪಾಡಿದ ಆ ಲೇಖನವನ್ನು ಬರೆಯುವಾಗಲೂ ನನ್ನ ಕಾಲು ಇದ್ದುದು ಇದೇ ಪೆಟ್ಟಿಗೆಯ ಮೇಲೆ.

ಹಣ ಕೊಟ್ಟು ಅಚ್ಚು ಹಾಕಿಸುವುದು ನನಗೆ ಹೊಸ ವಿಷಯವೂ ಆಗಿರಲಿಲ್ಲ. ನಾನು ಹುಟ್ಟಿದ್ದೇ ಆ ಧಂದೆಯ ಹಿಂಬಾಗಿಲಲ್ಲಿ. ಅಪ್ಪ ಫೋರ್ಟಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಸಂಜೆ ಚಾಳಿನ ನಮ್ಮ ಕೋಣೆಗೆ ಬಂದಾಗ ಅವರ ಕೈಚೀಲದಲ್ಲಿ ಹಾಳಾದ ಫಾರಂಗಳಿರುತ್ತಿದ್ದವು, ಅಂದರೆ ಮಸಿ ಹೆಚ್ಚಾದ, ಓರೆಯಾದ, ಒಂದೇ ಬದಿ ಅಚ್ಚಾದ ಹಾಳೆಗಳು. ನನ್ನ ಶಾಲೆಯ ನೋಟುಬುಕ್ಕುಗಳಿಗೆಲ್ಲ ಅವುಗಳದ್ದೇ ಹೊದಿಕೆ. ಉಳಿದ ಮಕ್ಕಳ ಪುಸ್ತಕದ ಮೇಲೆ ಖಾಕಿ ಕಾಗದ; ನನ್ನ ಗಣಿತದ ಮೇಲೆ ಒಬ್ಬ ಕವಿಯ ವಿರಹ, ಭೂಗೋಳದ ಮೇಲೆ ಒಂದು ಕಾದಂಬರಿಯ ಏಳನೆಯ ಅಧ್ಯಾಯ. ಆ ಏಳನೆಯ ಅಧ್ಯಾಯದಲ್ಲಿ ನಾಯಕಿ ಬಾವಿಯ ಹತ್ತಿರ ಹೋಗುತ್ತಿದ್ದಳು. ಹಾಳೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಹಾರಿದಳೋ ನೀರು ಸೇದಿದಳೋ ಎಂದು ಇಡೀ ಐದನೇ ಇಯತ್ತೆ ಯೋಚಿಸಿದೆ. ಅಪ್ಪನನ್ನು ಕೇಳಿದರೆ, “ಮುಂದಿನ ಫಾರಂ ಚೆನ್ನಾಗಿ ಬಂತು, ಹಾಗಾಗಿ ನಮಗೆ ಸಿಗಲಿಲ್ಲ” ಎಂದರು.

ಅಪ್ಪ ಹೇಳುತ್ತಿದ್ದ ಲೇಖಕರ ಕಥೆಗಳಲ್ಲಿ ನನಗೆ ಇಷ್ಟವಾದದ್ದು ಒಬ್ಬರದು. ಅವರು ಪತ್ನಿಯ ತ್ಯಾಗವನ್ನು ಕುರಿತು ಒಂದು ದೊಡ್ಡ ಕಾವ್ಯ ಬರೆದಿದ್ದರು. ಮುದ್ರಣದ ಖರ್ಚಿಗೆ ಪತ್ನಿಯ ಬಳೆಗಳನ್ನೇ ಅಡವಿಟ್ಟರು. ಕಾವ್ಯ ಅಚ್ಚಾಗುತ್ತಿರುವಾಗಲೇ ಅದರ ವಸ್ತು ಹೀಗೆ ಬೆಳೆಯುತ್ತಾ ಹೋಯಿತು. ಪುಸ್ತಕ ಬಂದ ದಿನ ಆ ಹೆಂಗಸು ಪ್ರೆಸ್ಸಿಗೆ ಬಂದು, ಒಂದು ಪ್ರತಿಯನ್ನು ಕೈಯಲ್ಲಿ ತೂಗಿ ನೋಡಿ, “ಬಳೆ ಇದಕ್ಕಿಂತ ಹಗುರ ಇತ್ತು” ಎಂದರಂತೆ. ಅಪ್ಪನಿಗೆ ಸಂಬಳ ಆ ಬಳೆಯಿಂದ, ನನಗೆ ನೋಟುಬುಕ್ಕು ಆ ಸಂಬಳದಿಂದ. ಆದ್ದರಿಂದ ಈ ವ್ಯವಸ್ಥೆಯನ್ನು ಬೈಯುವಾಗ ನಾನು ಸ್ವಲ್ಪ ಮೆಲ್ಲಗೆ ಬೈಯಬೇಕಿತ್ತು.

ಬಿಡುಗಡೆ ಸಮಾರಂಭಗಳ ವಿಷಯಕ್ಕೆ ಬಂದರೆ, ನಾನು ವರದಿ ಮಾಡಿದವುಗಳಿಗೆ ಲೆಕ್ಕವಿಲ್ಲ. ಸಂಘದ ಸಭಾಂಗಣದ ಬಾಡಿಗೆ ಲೇಖಕನದು. ಬ್ಯಾನರ್, ಉಪ್ಪಿಟ್ಟು, ಶೀರಾ ಲೇಖಕನವು. ವೇದಿಕೆಯಲ್ಲಿ ಲೇಖಕನಿಗೆ ಹೊದಿಸುವ ಶಾಲನ್ನೂ ಲೇಖಕನೇ ದಾದರಿನಿಂದ ತಂದಿರುತ್ತಾನೆ. ಹೊದಿಸಿದಾಗ ಆಶ್ಚರ್ಯಪಡುವ ಜವಾಬ್ದಾರಿಯೂ ಅವನದೇ. ಭಾಷಣಕಾರರು ಪುಸ್ತಕವನ್ನು ಓದಲು ಸಮಯ ಸಿಗಲಿಲ್ಲವೆಂದು ಆರಂಭಿಸಿ ನಲವತ್ತು ನಿಮಿಷ ಅದರ ಬಗ್ಗೆ ಮಾತಾಡುತ್ತಾರೆ. ಬಂದವರಿಗೆಲ್ಲ ಗೌರವ ಪ್ರತಿ. ಆ ಪ್ರತಿ ಲೋಕಲ್ ಟ್ರೇನಿನಲ್ಲಿ ಮನೆ ಸೇರಿ, ಟಿವಿಯ ಪಕ್ಕದಲ್ಲಿ ಕೆಲವು ತಿಂಗಳು ಇದ್ದು, ದೀಪಾವಳಿ ಹತ್ತಿರವಾದಾಗ ಮನೆ ಶುಚಿಮಾಡುವ ಭರದಲ್ಲಿ ಕೆಳಗಿಳಿಯುತ್ತದೆ. ನನ್ನ ಶಾಲು ಮಾವಿನಚಿಗುರಿನ ಬಣ್ಣದ್ದು. ನಾನೂ ಆಶ್ಚರ್ಯಪಟ್ಟೆ. ಫೋಟೋ ಇದೆ.

ಇನ್ನು ನಮ್ಮ ಪತ್ರಿಕೆ. ಅದು ಲೇಖಕರಿಂದ ಹಣ ಕೇಳುವುದಿಲ್ಲ ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಕೊಡುವುದೂ ಇಲ್ಲ ಎಂಬುದನ್ನು ಲೇಖಕರು ಹೇಳಿಕೊಳ್ಳುತ್ತಾರೆ.

ಸುಂದರಣ್ಣ ಬಂದುಹೋದ ವಾರ ನಾನು ಬೇರೆ ಕೆಲಸಗಳಲ್ಲಿದ್ದೆ. ದೀಪಾವಳಿಯ ಜಾಹೀರಾತುಗಳ ನಡುವೆ ಸುದ್ದಿಗೆ ಜಾಗ ಹುಡುಕುವುದೇ ದೊಡ್ಡ ಉದ್ಯೋಗ. ಹಬ್ಬ ಮುಗಿದ ಮೇಲೆ ಒಂದು ಸಂಜೆ ದಸ್ತಗೀರನ ಫೋನ್ ಬಂತು.

ದಸ್ತಗೀರ್ ವಿಜಯಪುರದ ಕಡೆಯವನು. ಕುರ್ಲಾದಲ್ಲಿ ರದ್ದಿ ಅಂಗಡಿ ಇಟ್ಟು ಇಪ್ಪತ್ತೈದು ವರ್ಷವಾಯಿತು. ನಮ್ಮ ಮನೆಯ ಹಳೆಯ ಪೇಪರುಗಳೆಲ್ಲ ಅವನಿಗೇ ಹೋಗುವುದು.

“ಅಕ್ಕಾರ, ಸ್ವಲ್ಪ ಅಂಗಡಿ ಕಡೆ ಬಂದು ಹೋಗ್ರಿ. ಒಂದು ಲೋಚಾ ಆಗೇತಿ, ಏನ್ ಮಾಡ್ಲಿ ತಿಳೀವಲ್ದು.”

ಹೋದೆ. ತಕ್ಕಡಿಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಒಳಗೆ ಉದ್ದನೆಯ ಐದು ನೋಟುಬುಕ್ಕು, ರಬ್ಬರ್‌ಬ್ಯಾಂಡ್ ಹಾಕಿದ ಆರ್ಡರ್ ಚೀಟಿಗಳ ಕಟ್ಟುಗಳು. ಚೀಟಿಯ ಮುಂದೆ ‘ಮಸಾಲ ೨, ಚಾ ೨’. ಹಿಂದೆ ಒತ್ತೊತ್ತಾದ ಕನ್ನಡ.

“ಬಾಂದ್ರಾ ಹೋಟೆಲಿನ ಅಣ್ಣಾರು ತಂದ್ರು,” ಎಂದ ದಸ್ತಗೀರ್. “ತೂಗಪ್ಪಾ ಅಂದ್ರು. ನಾ ಒಲ್ಲೆ ಅಂದೆ. ಅಚ್ಚಾದದ್ದು ಏನರೆ ತರ್ರಿ, ತೂಗತೀನಿ. ಕೈಲೆ ಬರದದ್ದು ನಾ ತೂಗಂಗಿಲ್ರೀ. ಫುಕಟ್ ಇಟ್ಕೋ ಅಂದು ಇಟ್ಟು ಹೋದ್ರು.”

“ಯಾಕೆ ತೂಗಲ್ಲ?”

“ಅಚ್ಚಾದದ್ದು ಇನ್ನೊಂದು ಎಲ್ಲರೆ ಇರತೈತಿ. ಇದು ಒಂದ ಐತಲ್ರೀ. ಹೋದ್ರ ಹೋತು.”

ಪುಸ್ತಕಗಳ ವಿಷಯದಲ್ಲೂ ಅವನಿಗೊಂದು ನಿಯಮವಿತ್ತು. ಹಸ್ತಾಕ್ಷರ ಹಾಕಿ ಕೊಟ್ಟ ಪುಸ್ತಕ ರದ್ದಿಗೆ ಬಂದರೆ ಮೊದಲ ಹಾಳೆ ಹರಿದು ಬಿಸ್ಕೀಟಿನ ಡಬ್ಬದಲ್ಲಿ ಹಾಕಿಡುತ್ತಾನೆ. ಒಮ್ಮೆ ಒಬ್ಬ ಹಿರಿಯ ಲೇಖಕರು ಏನನ್ನೋ ಹುಡುಕುತ್ತಾ ಬಂದು ತಮ್ಮದೇ ‘ಪ್ರೀತಿಯ ಗೆಳೆಯನಿಗೆ’ ನೋಡಿ, ಅಲ್ಲೇ ಸ್ಟೂಲಿನ ಮೇಲೆ ಕೂತು ನೀರು ಕೇಳಿದರಂತೆ. ಅವತ್ತಿನಿಂದ ಹೀಗೆ. “ಕೊಟ್ಟವರಿಗೂ ಮರ್ಯಾದಿ, ಮಾರಿದವರಿಗೂ ಮರ್ಯಾದಿ” ಎಂದು ಡಬ್ಬ ತೆರೆದು ತೋರಿಸಿದ. ಮುಂಬಯಿ ಕನ್ನಡ ಸಾಹಿತ್ಯದ ಸ್ನೇಹಗಳೆಲ್ಲ ಒಂದು ಬಿಸ್ಕೀಟಿನ ಡಬ್ಬದಲ್ಲಿ ಹಿಡಿಸಿದ್ದವು. ನನ್ನ ಹಾಳೆ ಮೇಲೆಯೇ ಇತ್ತು. ಅದು ಹೋಗಿದ್ದುದು ನನ್ನ ಪುಸ್ತಕಕ್ಕೆ ಮುನ್ನುಡಿ ಬರೆದವರಿಗೆ. ‘ಪ್ರತಿ ಕನ್ನಡಿಗನ ಮನೆಯಲ್ಲಿ ಇರಬೇಕಾದ ಪುಸ್ತಕ’ ಎಂದು ಅವರೇ ಬರೆದಿದ್ದರು. ಅವರ ಮನೆಯಲ್ಲಿ ಜಾಗದ ತೊಂದರೆ ಇರಬಹುದು; ಇದು ಮುಂಬಯಿ.

“ಅಣ್ಣಾರು ಯಾಕೆ ಎಸೆದರು, ಏನಾದರೂ ಹೇಳಿದರಾ?” ಎಂದು ಕೇಳಿದೆ.

ದಸ್ತಗೀರ್ ಡಬ್ಬದ ಮುಚ್ಚಳ ಹಾಕಿ ಹೇಳಿದ. “ಪ್ರಕಾಶಕರಿಗೆ ಫೋನ್ ಮಾಡಿದ್ರಂತ್ರಿ. ಕುರ್ಲಾದ ಮೇಡಂ ಅವರದು ಫುಕಟ್ ಆಗೇತಿ, ನಂದೂ ಹಂಗ ಮಾಡ್ರಿ ಅಂದ್ರಂತ. ಆಗಂಗಿಲ್ಲ ಅಂದ್ರಂತ ಅವರು. ಚೊಲೋ ಬರದಿದ್ರ ಫುಕಟ್ ಮಾಡ್ತಿದ್ರು, ನಂದು ಚೊಲೋ ಇಲ್ಲ, ಅದಕ್ಕ ರೊಕ್ಕ ಕೇಳ್ತಾರ ಅಂದ್ರು. ಮಾರಿ ಸಣ್ಣದು ಮಾಡ್ಕೊಂಡು ಹೋದ್ರಿ.”

ಡೆಸ್ಕಿನಲ್ಲಿ ನಮಗೆ ಮೊದಲ ದಿನ ಕಲಿಸುವ ಪಾಠವೆಂದರೆ, ತಪ್ಪು ಮಾಹಿತಿ ಹೋದರೆ ಅದೇ ಪುಟದಲ್ಲಿ, ಅದೇ ಜಾಗದಲ್ಲಿ ತಿದ್ದುಪಡಿ ಹಾಕಬೇಕು. ಸಾವಿರಾರು ಜನ ಓದುವ ಪತ್ರಿಕೆಗೆ ಮೂವತ್ತು ವರ್ಷ ಆ ನಿಯಮ ಪಾಲಿಸಿದವಳು, ಒಬ್ಬನೇ ಓದುಗನಿಗೆ ಹೇಳಿದ್ದನ್ನು ಹಾಗೆಯೇ ಬಿಟ್ಟಿದ್ದೆ. ಚೀಲವನ್ನು ಮನೆಗೆ ತಂದೆ.

ಓದಲು ಕೂತಾಗ ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು, ಅದೂ ಅಭ್ಯಾಸ. ಮೊದಲ ನೋಟುಬುಕ್ಕಿನಲ್ಲಿ ಕೆಲವು ಕಾಗುಣಿತ ತಿದ್ದಿದೆ. ಎರಡನೆಯದರಲ್ಲಿ, ಸುಂದರಣ್ಣ ಪರೇಲಿನ ಹೋಟೆಲಿನಲ್ಲಿ ವೇಟರ್ ಆಗಿದ್ದ ದಿನಗಳಲ್ಲಿ, ಹೀಗಿತ್ತು:

‘ಮಿಲ್ಲು ನಿಂತದ್ದು ನಮಗೆ ಪೇಪರಿನಿಂದ ಗೊತ್ತಾದ್ದಲ್ಲ. ಊಟದ ಪ್ಲೇಟು ಕೇಳುತ್ತಿದ್ದವರು ಇಡ್ಲಿ ಕೇಳಿದರು. ಇಡ್ಲಿಯವರು ಚಾ ಕೇಳಿದರು. ಚಾದವರು ನೀರು ಕೇಳಿದರು. ನೀರು ಕೇಳಿದವರಿಗೆ ನಾವು ಗ್ಲಾಸು ಚೆನ್ನಾಗಿ ತೊಳೆದು ಕೊಟ್ಟೆವು. ಆಮೇಲೆ ಅವರು ಬರಲಿಲ್ಲ.’

ಕೆಂಪು ಪೆನ್ನಿನ ಮುಚ್ಚಳ ಹಾಕಿದೆ. ಮಿಲ್ಲುಗಳ ಬಗ್ಗೆ ನನ್ನ ಪುಸ್ತಕದಲ್ಲೂ ಒಂದು ಲೇಖನವಿದೆ. ಹದಿನಾಲ್ಕು ಪುಟ. ‘ಸಾಮಾಜಿಕ ಸ್ಥಿತ್ಯಂತರ’ ಎಂಬ ಪದ ಅದರಲ್ಲಿ ಒಂಬತ್ತು ಸಲ ಬರುತ್ತದೆ. ಗ್ಲಾಸು ಒಂದು ಸಲವೂ ಬರುವುದಿಲ್ಲ. ಕತ್ತರಿ ತಾಗದೆ ಉಳಿದ ಮೂವತ್ತನಾಲ್ಕು, ಮೂವತ್ತೈದನೆಯ ಪುಟಗಳು ಆ ಲೇಖನದಲ್ಲೇ ಇವೆ. ಕೆಲವೊಮ್ಮೆ ಕತ್ತರಿಗೂ ವಿವೇಕವಿರುತ್ತದೆ.

ಗಂಡನಿಗೆ ಹೇಳಿದೆ, “ಆ ಪೆಟ್ಟಿಗೆಗಳು ಗೌರವಧನದ ಬದಲಿಗೆ ಬಂದವಲ್ಲ. ನಾನೇ ದುಡ್ಡು ಕೊಟ್ಟಿದ್ದೆ.”

ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಕನ್ನಡಕ ಒರೆಸುತ್ತಾ, “ಅಷ್ಟೊಂದು ಪ್ರತಿ ಬಿಟ್ಟಿ ಕೊಡುವ ಪ್ರಕಾಶಕ ಇದ್ದಿದ್ದರೆ ನಿಮ್ಮ ಪೇಪರಿನಲ್ಲೇ ಮೊದಲ ಪುಟದಲ್ಲಿ ಬರುತ್ತಿತ್ತಲ್ಲ” ಎಂದರು.

“ಇಷ್ಟು ವರ್ಷ ಗೊತ್ತಿತ್ತಾ?”

“ದಿವಾನ ಅಲ್ಲಾಡದೆ ನಿಂತಿತ್ತು. ನಾನ್ಯಾಕೆ ಕೇಳಲಿ?”

ಮರುದಿನ ಮಧ್ಯಾಹ್ನ ಮೂರರ ಹೊತ್ತಿಗೆ ಬಾಂದ್ರಾಕ್ಕೆ ಹೋದೆ. ಊಟದವರು ಮುಗಿದು ಚಾದವರು ಶುರುವಾಗದ ಹೊತ್ತು ಅದು. ಸುಂದರಣ್ಣ ಗಲ್ಲೆಯಲ್ಲಿದ್ದರು. ಪಕ್ಕದ ಕುರ್ಚಿಯಲ್ಲಿ ಹೋಟೆಲಿನ ಧಣಿಯ ಮಗ, ಮೂವತ್ತೈದರ ರೋಷನ್, ಫೋನಿನಲ್ಲಿ ಬಂದ ಆರ್ಡರುಗಳನ್ನು ನೋಡುತ್ತಿದ್ದ. ನನ್ನ ಕೈಯ ಚೀಲ ಕಂಡೊಡನೆ ಸುಂದರಣ್ಣನ ಮುಖ ಬದಲಾಯಿತು.

“ಅದು ಯಾಕೆ ತಂದಿರಿ ಮಾರಾಯ್ರೆ? ನಾನು ಬಿಟ್ಟದ್ದು ಅದು.”

“ಸುಂದರಣ್ಣ, ನಾನು ದುಡ್ಡು ಕೊಟ್ಟಿದ್ದೆ.”

“ಯಾರಿಗೆ? ದಸ್ತಗೀರನಿಗಾ? ಅವನು ಬೇಡ ಅಂದದ್ದಲ್ವಾ?”

“ಪ್ರಕಾಶಕರಿಗೆ. ನನ್ನ ಪುಸ್ತಕಕ್ಕೆ. ಅವತ್ತು ನಿಮಗೆ ಸುಳ್ಳು ಹೇಳಿದೆ.”

ಒಬ್ಬ ಗಿರಾಕಿ ಬಂದು ಬಿಲ್ಲು ಮುಂದಿಟ್ಟ. ಸುಂದರಣ್ಣ ಚಿಲ್ಲರೆ ಕೊಟ್ಟರು, ಸೋಂಪಿನ ತಟ್ಟೆ ಮುಂದಕ್ಕೆ ತಳ್ಳಿದರು, ಅವನು ಹೊರಗೆ ಹೋಗುವವರೆಗೆ ಕಾದರು.

“ಮತ್ತೆ ಪೇಪರಿನಲ್ಲಿ ಕೊಡಬಾರದು ಅಂತ ಬರೆದದ್ದು?”

“ಕೊಟ್ಟ ಮೇಲೆ ಬರೆದದ್ದು.”

“ಪುಸ್ತಕ ಎಷ್ಟು ಹೋಯಿತು?”

“ನಾಲ್ಕು ಪೆಟ್ಟಿಗೆ ಮನೆಯಲ್ಲಿದೆ. ಅವತ್ತು ನೀವು ಕೂತದ್ದು ಅದರ ಮೇಲೆಯೇ.”

ಸುಂದರಣ್ಣ ನಕ್ಕರು. ಮೇಲಿನ ಒಸಡು ಪೂರ್ತಿ ಕಾಣುವ ಹಾಗೆ, ಗಲ್ಲೆಯ ಚಿಲ್ಲರೆ ಅಲುಗುವ ಹಾಗೆ ನಕ್ಕರು. “ಆಯ್ತಲ್ಲ! ಹಾಗಾದರೆ ನಂದು ಅಷ್ಟು ಹಾಳೇನೂ ಇಲ್ಲ. ನಾನು ಎಂತ ತಿಳ್ಕೊಂಡೆ ಅಂದ್ರೆ, ನಿಮಗೆಲ್ಲ ಫ್ರೀ, ನನಗೆ ಮಾತ್ರ ದಂಡ ಅಂತ.”

“ಹಾಳಲ್ಲ ಸುಂದರಣ್ಣ. ಮಿಲ್ಲಿನವರು ನೀರು ಕೇಳಿದ್ದು ಓದಿದೆ. ನಮ್ಮ ಪತ್ರಿಕೆಯಲ್ಲಿ ಯಾರೂ ಹಾಗೆ ಬರೆದಿಲ್ಲ. ನಾನೂ ಬರೆದಿಲ್ಲ.”

ಅವರು ಸ್ವಲ್ಪ ಹೊತ್ತು ಸೋಂಪಿನ ತಟ್ಟೆಯನ್ನು ಸರಿಪಡಿಸಿದರು. ಅದು ಮೊದಲೇ ಸರಿಯಾಗಿತ್ತು.

“ಈಗ ಹೇಳಿ ಮತ್ತೆ. ಕೊಡ್ಲಾ, ಬೇಡ್ವಾ?”

ಎರಡನೆಯ ಸಲ ಅದೇ ಪ್ರಶ್ನೆ. ಈ ಸಲ ಗೊತ್ತಿರುವುದನ್ನಷ್ಟೇ ಹೇಳಿದೆ. ಕೊಟ್ಟರೆ ಪುಸ್ತಕ ಖಂಡಿತ ಬರುತ್ತದೆ, ಕೊಡದಿದ್ದರೆ ಬರುವ ಖಾತ್ರಿಯಿಲ್ಲ, ಬಂದರೆ ಮುನ್ನೂರು ಪ್ರತಿ ನಿಮ್ಮ ಮಂಚದ ಕೆಳಗೆ ಬರುತ್ತದೆ ಎಂದೆ.

“ನನಗೆ ಮಂಚ ಎಲ್ಲುಂಟು? ಹೋಟೆಲಿನ ಮಾಳದಲ್ಲಿ ಚಾಪೆ. ಅಲ್ಲಿ ಈಗಾಗಲೇ ಉದ್ದಿನಬೇಳೆ ಮೂಟೆ ಉಂಟು.”

ಹೀಗೆಂದವರು ಥಟ್ಟನೆ ಫೋನು ತೆಗೆದು ಪ್ರಕಾಶಕರಿಗೆ ಹಚ್ಚಿ, ಸ್ಪೀಕರ್ ಹಾಕಿ ಗಲ್ಲೆಯ ಮೇಲಿಟ್ಟರು. ಆ ಕಡೆಯಿಂದ ಬಹಳ ಸುಸಂಸ್ಕೃತವಾದ ಧ್ವನಿ ಬಂತು.

“ಸರ್, ದಯವಿಟ್ಟು ತಪ್ಪು ತಿಳ್ಕೋಬೇಡಿ. ದುಡ್ಡು ತಗೊಂಡು ಪುಸ್ತಕ ಮಾಡೋ ಪೈಕಿ ನಾವಲ್ಲ. ನೀವು ಮುನ್ನೂರು ಪ್ರತಿ ಕೊಂಡ್ಕೊಳ್ತೀರಿ, ಅಷ್ಟೆ. ಇದು ಲೇಖಕರ ಸಹಭಾಗಿತ್ವ.”

“ನೀವು ಒಟ್ಟು ಎಷ್ಟು ಪ್ರಿಂಟ್ ಮಾಡುದು?”

“ಮುನ್ನೂರು ಸರ್.”

“ನಾನು ಎಷ್ಟು ತಗೊಳ್ಳುದು?”

“ಮುನ್ನೂರು.”

“ಮತ್ತೆ ನೀವು ಮಾರುದು ಎಂತದ್ದು?”

ಆ ಕಡೆ ಹಾಳೆ ತಿರುವುವ ಸದ್ದು ಬಂತು. ನಮ್ಮ ವರದಿಗಳಲ್ಲಿ ಇದಕ್ಕೆ ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಎನ್ನುತ್ತೇವೆ. ಆಮೇಲೆ ಧ್ವನಿ, “ಸರ್, ಸಾಹಿತ್ಯವನ್ನ ಆ ದೃಷ್ಟಿಯಿಂದ ನೋಡಬಾರದು” ಎಂದಿತು. ಸುಂದರಣ್ಣ ಆಗಲಿ ಎಂದು ಫೋನಿಟ್ಟರು.

ಇಷ್ಟು ಹೊತ್ತು ತಲೆ ತಗ್ಗಿಸಿದ್ದ ರೋಷನ್ ಆಗ ಮಾತಾಡಿದ. ಅವನು ಹುಟ್ಟಿದ್ದು ಇಲ್ಲಿ, ಓದಿದ್ದು ಇಂಗ್ಲಿಷಿನಲ್ಲಿ. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಹಿಂದಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಬೋರ್ಡು ಕಂಡರೆ ಚಿತ್ರದ ಹಾಗೆ ನೋಡುತ್ತಾನೆ.

“ಅಣ್ಣಾ, ಏಕ್ ಬಾತ್ ಬೋಲೂ? ಬುಕ್ ಬಂದ್ರೂ ನನಗೆ ಓದ್ಲಿಕ್ಕೆ ಬರಲ್ಲ. ಇಲ್ಲಿ ಸ್ಟಾಫಿಗೂ ಅರ್ಧ ಜನಕ್ಕೆ ಬರಲ್ಲ. ಸಮಜ್ತಾ ಹೈ, ಬಸ್. ನೀವೇ ಓದಿ ಹೇಳಿ ನಾ. ಸಂಡೇ ಮೂರೂವರೆಗೆ ಖಾಲಿ ಇರ್ತದಲ್ಲ.”

“ನಾನು ಓದಿದರೆ ಯಾರಿಗೆ ಅರ್ಥ ಆಗ್ತದೆ?” ಎಂದು ಸುಂದರಣ್ಣ ಬಾಯಿ ತೆರೆದು ಖಾಲಿ ಸಾಲನ್ನು ತೋರಿಸಿದರು. “ಅರ್ಧ ಗಾಳಿಯೇ ಹೋಗುದು.”

“ತೋ ಹಲ್ಲು ಲಗಾವೋ ನಾ ಅಣ್ಣಾ,” ಎಂದ ರೋಷನ್, ಇದರಲ್ಲಿ ಯೋಚಿಸುವಂಥದ್ದು ಏನಿದೆ ಎನ್ನುವ ಹಾಗೆ, ಮತ್ತೆ ಫೋನಿಗೆ ತಲೆ ತಗ್ಗಿಸಿದ.

ಸುಂದರಣ್ಣ ಕಿಸೆಯಿಂದ ಆ ಕಾಗದಗಳನ್ನು ತೆಗೆದರು. ವೈದ್ಯರ ಚೀಟಿಯನ್ನು ಗಲ್ಲೆಯ ಗಾಜಿನ ಕೆಳಗೆ ಸಿಕ್ಕಿಸಿದರು. ಪ್ರಕಾಶಕರ ಪತ್ರವನ್ನು ನನ್ನ ಕೈಗೆ ಕೊಟ್ಟು, “ಇದು ಅಚ್ಚಾದದ್ದು, ದಸ್ತಗೀರ ತೂಗ್ತಾನೆ” ಎಂದರು. ನನ್ನ ಲೇಖನದ ತುಣುಕನ್ನು ಏನು ಮಾಡುವುದೆಂದು ಒಂದು ಕ್ಷಣ ನೋಡಿ, ಮಡಚಿ ಮತ್ತೆ ಕಿಸೆಗೆ ಹಾಕಿಕೊಂಡರು. ಅದನ್ನೂ ಕೊಡುತ್ತಾರೇನೋ ಎಂದುಕೊಂಡಿದ್ದೆ. ನನಗೆ ಚಾ ಬಂತು. ಬಿಲ್ಲು ಬರಲಿಲ್ಲ.

ಹಲ್ಲಿನ ಅಳತೆಗೆ ಮೂರು ಸಲ ಹೋಗಬೇಕಾಯಿತು. ಮೊದಲ ಸೆಟ್ಟು ಸಡಿಲವಾಗಿತ್ತು. ಮಸಾಲ ದೋಸೆಯ ಪರೀಕ್ಷೆಯಲ್ಲಿ ಅನುತ್ತೀರ್ಣವಾಗಿ ವಾಪಸು ಹೋಯಿತು. ಎರಡನೆಯದು ಸರಿಯಾಯಿತು. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ, ಹಿಂದಿನ ಸಾಲಿನ ನಾಲ್ಕು ಟೇಬಲ್ ಒಟ್ಟಿಗೆ ಸೇರಿಸಿ ಮೊದಲ ಅಧ್ಯಾಯ ಓದಿದರು. ಬ್ಯಾನರ್ ಇರಲಿಲ್ಲ. ಶಾಲು ಇರಲಿಲ್ಲ. ನಾನು ನನ್ನದನ್ನು ತರುತ್ತೇನೆ ಎಂದಿದ್ದೆ. ಸೆಕೆ ಆಗುತ್ತದೆ ಎಂದರು. ಮೊದಲ ದಿನ ಕೇಳಿದವರು ನಾಲ್ವರು: ಇಬ್ಬರು ವೇಟರುಗಳು, ರೋಷನ್, ನಾನು. ನಡುವೆ ಆರ್ಡರ್ ಬಂದಾಗ ರೋಷನ್ ಎದ್ದುಹೋದ. ಅವನು ಬರುವವರೆಗೆ ಸುಂದರಣ್ಣ ಬೆರಳನ್ನು ಅದೇ ಸಾಲಿನ ಮೇಲೆ ಇಟ್ಟುಕೊಂಡು ಕೂತಿದ್ದರು.

ಕಳೆದ ಭಾನುವಾರ ಆರನೆಯ ಅಧ್ಯಾಯ ಓದಲಾಯಿತು. ಹನ್ನೊಂದು ಮಂದಿ ಕೇಳಿದರು. ಅವರಲ್ಲಿ ದಸ್ತಗೀರ್ ಇದ್ದ, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಇಬ್ಬರಿದ್ದರು, ಪಾರ್ಸೆಲ್ಲಿಗೆ ಕಾಯುತ್ತಿದ್ದು ಪಾರ್ಸೆಲ್ ಬಂದ ಮೇಲೂ ಹೋಗದ ಒಬ್ಬ ಗಿರಾಕಿ ಇದ್ದರು. ಹಿಂದಿನ ದಿನ ಪ್ರಕಾಶಕರು ಫೋನ್ ಮಾಡಿ, ಇನ್ನೂರೈವತ್ತು ಪ್ರತಿಗೆ ಒಪ್ಪುವುದಾಗಿ ತಿಳಿಸಿದ್ದಾರೆ. ಓದು ಮುಗಿದಾಗ ಆ ಗಿರಾಕಿ, ನೀರು ಕೇಳಿದವರ ಭಾಗವನ್ನು ಮತ್ತೊಮ್ಮೆ ಓದುತ್ತೀರಾ ಎಂದು ಕೇಳಿದರು; ಅದು ಅಂದಿನ ಅಧ್ಯಾಯದಲ್ಲಿರಲಿಲ್ಲ, ಯಾರೋ ಅವರಿಗೆ ಹೇಳಿದ್ದರು. ಸುಂದರಣ್ಣ ಎರಡನೆಯ ನೋಟುಬುಕ್ಕು ತೆಗೆದು ಓದಿದರು.